ಇಲ್ಲದವಳ ಟಿಕೆಟ್ಟು

ರಾತ್ರಿ ಎರಡು ಹತ್ತಕ್ಕೆ ಒಲುವಾ ಹುಟ್ಟುತ್ತಾಳೆ.
ಹುಟ್ಟುವಾಗಲೇ ಅರವತ್ತೇಳು ವಯಸ್ಸು,
ಜೊತೆಗೊಂದು ನಾಯಿ, ಒಂದು ಸೈಕಲ್ಲು,
ಬ್ಯಾಂಕಿನಲ್ಲಿ ಸರಿಯಾಗಿ ಇನ್ನೂರು ಕ್ರೋನ.
ಖಾಲಿ ಡೇಟಾಬೇಸಿನಲ್ಲಿ
ನಾನೇ ಬರೆದ ಹಣೆಬರಹ.

ಎರಡು ಹನ್ನೊಂದಕ್ಕೆ ಲಾಗಿನ್ ಆಗಿ
ಬೆಳಗಿನ ಫೆರಿಗೆ ಸೀಟು ಕೇಳುತ್ತಾಳೆ.
ಒಮ್ಮೆ ಬೇಕೆಂದೇ ಬಡವಳಾಗುತ್ತಾಳೆ,
ಒಮ್ಮೆ ನಿನ್ನೆಯ ತಾರೀಖಿಗೆ ಹೊರಡುತ್ತಾಳೆ.
ಸರ್ವರ್ ನಾನೂರು ಎಂದು ಗದರಿದರೆ
ನನಗೆ ಸಮಾಧಾನ.
ಎರಡು ಹದಿನಾಲ್ಕಕ್ಕೆ ಅಳಿಸುತ್ತೇನೆ:
ನಾಯಿ ಮೊದಲು, ಆಮೇಲೆ ಸೈಕಲ್ಲು, ಕೊನೆಗೆ ಅವಳು.
ಕ್ರಮ ತಪ್ಪಿದರೆ ಅಳಿಸಲು ಬಿಡುವುದಿಲ್ಲ ಯಂತ್ರ.
ತನ್ನದೆಂಬುದು ಏನಾದರೂ ಉಳಿದಿರುವ ತನಕ
ಯಾರನ್ನೂ ಕಳಿಸಿಕೊಡಲಾಗದು.

ಕ್ಲಾಕ್ಸ್‌ವಿಕ್ ಬಂದರಿನ ಮೇಲೆ ಎರಡನೇ ಮಹಡಿ ನಮ್ಮದು;
ಕೆಳಗೆ ಮೀನಿನ ಪೆಟ್ಟಿಗೆ ತೊಳೆಯುವ ಸದ್ದು.
ಟಿಕೆಟ್ಟಿನ ಭಾಗ ಬರೆದವನು ಹೆರ್ಗೈರ್. ಅವನದು ಸರಿ.
ಹಣದ್ದು ಕೋಪನ್‌ಹೇಗನ್ನಿನ ಒಂದು ಕಂಪನಿಯದು. ಅದೂ ಸರಿ.
ಗಾಳಿಯ ಲೆಕ್ಕ ಹವಾಮಾನದವರದು. ಸರಿಯೋ ಸರಿ.
ಒಬ್ಬೊಬ್ಬರನ್ನೇ ಕರೆದು ಕೇಳಿದರೆ ಎಲ್ಲರೂ ಸಾಚಾ;
ಒಂದೇ ಪಂಕ್ತಿಯಲ್ಲಿ ಕೂರಿಸಿದಾಗಲೇ ಗೊತ್ತಾಗುವುದು
ಯಾರು ಯಾರ ಎಲೆಗೆ ಕೈ ಹಾಕುತ್ತಾರೆಂದು.

ಮೊದಮೊದಲು ಗಾಳಿಗೆ ನಾನೊಂದು ನಕಲಿ ಕಟ್ಟಿದ್ದೆ.
ಯಾವಾಗ ಕೇಳಿದರೂ "ಶಾಂತ" ಎನ್ನುತ್ತಿತ್ತು,
ಮನೆಗೆ ಬಂದ ನೆಂಟರ ಎದುರು ಮಗುವಿನ ಹಾಗೆ.
ಏಳು ತಿಂಗಳು ಎಲ್ಲವೂ ಹಸಿರು.
ಒಂದು ರಾತ್ರಿ ನಿಜದ ಗಾಳಿಯನ್ನೇ ಜೋಡಿಸಿದೆ.
ಹವಾಮಾನದವರು ಇಪ್ಪತ್ತು ಎಂದರು, ಸೆಕೆಂಡಿಗೆ ಮೀಟರಿನಲ್ಲಿ;
ಹೆರ್ಗೈರ್ ಇಪ್ಪತ್ತು ಎಂದೇ ಓದಿದ, ನಾಟ್ ಲೆಕ್ಕದಲ್ಲಿ.
ಇಬ್ಬರೂ ಸುಳ್ಳಾಡಲಿಲ್ಲ.
ಇಬ್ಬರ ನಡುವೆ, ಬಿರುಗಾಳಿಯಲ್ಲಿ,
ಒಲುವಾಳಿಗೆ ಟಿಕೆಟ್ಟು ಸಿಕ್ಕಿಬಿಟ್ಟಿತ್ತು.
ಪರದೆ ಕೆಂಪಾಯಿತು. ಅವಳಿಂದಾಗಿ
ಎಷ್ಟು ಜನ ಒಣಬಟ್ಟೆಯಲ್ಲಿ ಮನೆ ಸೇರಿದರೋ
ಅವರಿಗೂ ಗೊತ್ತಿಲ್ಲ.

ನನ್ನ ತಪ್ಪನ್ನೂ ಹೇಳಬೇಕು.

ಫೆಬ್ರವರಿ. ಸೆಟ್ಟಿಂಗಿನ ಕಡತದಲ್ಲಿ ಒಂದು ಸಾಲು,
ಪರೀಕ್ಷೆಯ ವಿಳಾಸವಿರಬೇಕಾದಲ್ಲಿ ಅಸಲಿ ವಿಳಾಸ.
ಒಲುವಾ ಹುಟ್ಟಿದಳು, ಸೀಟು ಹಿಡಿದಳು,
ನಾಯಿಯನ್ನು ಅಳಿಸುವ ಹೊತ್ತಿಗೆ ಲೈನು ಕಡಿಯಿತು.
ಬೆಳಿಗ್ಗೆ ಆರು ನಲವತ್ತರ ಪಟ್ಟಿಯಲ್ಲಿ
ಒಬ್ಬ ಮುದುಕಿ, ಒಂದು ನಾಯಿ, ಒಂದು ಸೈಕಲ್ಲು.

ಹಡಗಿನ ಹುಡುಗ ಬ್ರಾಂಡುರ್ ಕತ್ತಲಲ್ಲಿ ಹೆಸರು ಕೂಗಿದ.
ಮತ್ತೆ ಕೂಗಿದ. ಕಾಯುವ ಕೋಣೆ ನೋಡಿದ,
ಶೌಚಾಲಯದ ಬಾಗಿಲು ತಟ್ಟಿದ.
ಕ್ಯಾಪ್ಟನ್ ಹಗ್ಗ ಬಿಚ್ಚಬೇಡ ಎಂದ.
ಆಮೇಲೆ, ಯಾರೂ ಏನೂ ಹೇಳದೆಯೇ,
ಇಬ್ಬರು ಟಾರ್ಚು ಹಿಡಿದು
ಕಟ್ಟೆಯಂಚಿಗೆ ಹೋಗಿ ನೀರಿಗೆ ಬೆಳಕು ಬಿಟ್ಟರು.

ಅದನ್ನು ಮೇಲಿನ ಕಿಟಕಿಯಿಂದ ಕಂಡೆ.
ಮೆಟ್ಟಿಲು ಇಳಿದದ್ದು ನೆನಪಿಲ್ಲ.
"ಅವಳು ಇಲ್ಲ," ಎಂದೆ.
"ಇಲ್ಲ ಅಂದರೆ?"
"ಇರಲೇ ಇಲ್ಲ."
ಕ್ಯಾಪ್ಟನ್ ನನ್ನನ್ನೇ ನೋಡಿದ, ಬಹಳ ಹೊತ್ತು.
"ನಾಯಿ?"
"ನಾಯಿಯೂ."
ಟಾರ್ಚಿನವರು ಇನ್ನೂ ನೀರನ್ನೇ ನೋಡುತ್ತಿದ್ದರು,
ಇರದವಳು ಎಂದರೂ ಒಮ್ಮೆ ಖಚಿತವಾಗಲಿ ಎನ್ನುವಂತೆ.
ನಾಲ್ಕು ನಿಮಿಷ ತಡವಾಗಿ ಫೆರಿ ಹೊರಟಿತು.

ಈಗ ಅಸಲಿ ವಿಳಾಸಕ್ಕೆ ಬೀಗವಿದೆ;
ಪರೀಕ್ಷೆ ತಾನಿರುವುದೆಲ್ಲಿ ಎಂದು ಮೊದಲು ಕೇಳಿಕೊಂಡು
ಆಮೇಲೆ ಉಸಿರಾಡುತ್ತದೆ.
ಅವಳ ಹೆಸರು ಬದಲಿಸು ಎಂದ ಹೆರ್ಗೈರ್,
ಪ್ರಯಾಣಿಕ ಒಂದು, ಪ್ರಯಾಣಿಕ ಎರಡು ಅಂತಿಡು ಎಂದ.
ಹೂಂ ಎಂದೆ. ಬದಲಿಸಿಲ್ಲ.
ನೀರಿಗೆ ಬೆಳಕು ಬಿಟ್ಟು ಹುಡುಕುವಷ್ಟಾದರೂ
ಹೆಸರಿಗೊಂದು ತೂಕ ಬೇಡವೇ,
ಪರೀಕ್ಷೆಗೂ?

ಕಾಫಿಗೆ ಇಳಿದಾಗ ಬ್ರಾಂಡುರ್ ಕೇಳುತ್ತಾನೆ:
"ಒಲುವಾ ಹೇಗಿದ್ದಾಳೆ?"
"ಪರವಾಗಿಲ್ಲ. ನಿನ್ನೆ ಒಂದು ಕಡೆ ಕೆಂಪು."
"ಎಲ್ಲಿ?"
"ನಾಯಿಯ ದರದಲ್ಲಿ."